ರಾತ್ರಿಯಿಡೀ ಚಾರ್ಜಿಗಿಟ್ಟರೂ ಮೂರೇ ಪರ್ಸೆಂಟ್

ಬೆಂಗಳೂರಿನಿಂದ ಕಲಬುರಗಿ ಕಡೆಗೆ ಹೊರಟಿದ್ದ ರಾತ್ರಿ ರೈಲು. ಹತ್ತೂಕಾಲಿಗೆ ಟ್ಯಾಬನ್ನು ಚಾರ್ಜಿಗೆ ಹಾಕಿದೆ. 18 ಪರ್ಸೆಂಟ್ ಇತ್ತು. ಪರದೆಯ ಮೇಲೆ ಮಿಂಚಿನ ಗುರುತು ಬಂತು. ನೆಮ್ಮದಿಯಿಂದ ಮುಕ್ಕಾಲು ಗಂಟೆ ಸಿನಿಮಾ ನೋಡಿ, ಪಿನ್ ಕೀಳದೆ, ತಲೆದಿಂಬಿನ ಕೆಳಗೆ ಟ್ಯಾಬ್ ಇಟ್ಟು ಮಲಗಿದೆ. ರಾಯಚೂರು ದಾಟಿದ ಮೇಲೆ ಎದ್ದು ನೋಡಿದರೆ 21. ಇಡೀ ರಾತ್ರಿಯ ಸಂಪಾದನೆ ಮೂರು ಪರ್ಸೆಂಟ್.

ಎದುರು ಬರ್ತಿನ ಯಜಮಾನರು ತಮ್ಮ ಫೋನು ತೋರಿಸಿ, "ನಿಮ್ಮ ಟ್ಯಾಬ್ ಕೆಟ್ಟೈತಿ ನೋಡ್ರಿ. ನಂದು ಇದೇ ಪಾಯಿಂಟ್‌ನಾಗ ಮಲಗೂ ಹೊತ್ತಿಗೆ ತೊಂಬತ್ತಾಗಿತ್ತು" ಎಂದರು. ಟ್ಯಾಬ್ ಕೆಟ್ಟಿರಲಿಲ್ಲ. ಪಾಯಿಂಟೂ ಕೆಟ್ಟಿರಲಿಲ್ಲ. ನಾನು ತಂದಿದ್ದ ಅಡಾಪ್ಟರ್, ನೋಡಿದ ಸಿನಿಮಾ, ರೈಲಿನ ಹನ್ನೊಂದು ಗಂಟೆಯ ಕಟ್ಟಳೆ, ಈ ಮೂರೂ ಸೇರಿ ಹಾಗೆ ಮಾಡಿದ್ದವು. ಯಾವುದು ಎಷ್ಟು ತಿಂದಿತು ಎಂದು ಊರು ತಲುಪುವಷ್ಟರಲ್ಲಿ ಕಾಗದದ ಮೇಲೆ ಲೆಕ್ಕ ಹಾಕಿಬಿಟ್ಟೆ. ಆ ಲೆಕ್ಕ ಗೊತ್ತಿದ್ದರೆ ಬಸ್ ಸ್ಟ್ಯಾಂಡಿನಲ್ಲಿ, ವಿಮಾನ ನಿಲ್ದಾಣದಲ್ಲಿ, ಪರದೇಶದ ಹೋಟೆಲಿನಲ್ಲಿ ಎಲ್ಲಿ ಸಾಕೆಟ್ ಕಂಡರೂ ಅದರಿಂದ ಎಷ್ಟು ಸಿಗುತ್ತದೆ ಎಂದು ಮೊದಲೇ ಹೇಳಬಹುದು.

ಬ್ಯಾಟರಿಯನ್ನು ಬಿಂದಿಗೆ ಎಂದುಕೊಳ್ಳಿ. ಅದರಲ್ಲಿ ಹಿಡಿಯುವ ನೀರನ್ನು ವ್ಯಾಟ್-ಅವರ್‌ನಲ್ಲಿ ಅಳೆಯುತ್ತಾರೆ. ನಲ್ಲಿಯಿಂದ ಬರುವ ಧಾರೆ ಎಷ್ಟು ದಪ್ಪ ಎನ್ನುವುದು ವ್ಯಾಟ್. 5000 ಎಂಎಎಚ್ ಎಂದು ಬರೆದಿರುವ ಫೋನಿನ ಬಿಂದಿಗೆ ಸುಮಾರು 19 ವ್ಯಾಟ್-ಅವರ್. ಹತ್ತು, ಹನ್ನೊಂದು ಇಂಚಿನ ಟ್ಯಾಬುಗಳದ್ದು 27ರಿಂದ 30ರವರೆಗೆ. 2022ರಲ್ಲಿ ಬಂದ ಹತ್ತನೆಯ ತಲೆಮಾರಿನ ಐಪ್ಯಾಡ್‌ನದು 28.6. ದೊಡ್ಡ ಐಪ್ಯಾಡ್ ಪ್ರೊಗಳಲ್ಲಿ 40 ದಾಟಿದ್ದೂ ಉಂಟು. ಟ್ಯಾಬಿನ ಒಳಗೂ ಕೇಬಲ್ಲಿನಲ್ಲೂ ಒಂದಿಷ್ಟು ಸೋರಿ ಬಿಸಿಯಾಗಿ ಹೋಗುತ್ತದೆ. ಆದ್ದರಿಂದ 28.6ರ ಬಿಂದಿಗೆ ತುಂಬಲು ಅಡಾಪ್ಟರಿನಿಂದ 33ರಷ್ಟು ಸುರಿಯಬೇಕು ಎಂದು ಇಟ್ಟುಕೊಳ್ಳೋಣ.

ಇನ್ನು ಧಾರೆ. ಅಡಾಪ್ಟರಿನ ಬೆನ್ನ ಮೇಲೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಔಟ್‌ಪುಟ್ ಎಂದು ಬರೆದಿರುತ್ತದೆ. ಅಲ್ಲಿರುವ ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್. 5 ವೋಲ್ಟ್, 1 ಆಂಪಿಯರ್ ಇದ್ದರೆ 5 ವ್ಯಾಟ್. 5 ವೋಲ್ಟ್, 2.4 ಆಂಪಿಯರ್ ಇದ್ದರೆ 12. ಈಗ ಟ್ಯಾಬಿನ ಜೊತೆ ಬರುವವು ಅಥವಾ ಕಂಪನಿಗಳು ಕೊಳ್ಳಲು ಹೇಳುವವು 15ರಿಂದ 20 ವ್ಯಾಟಿನವು. ಆ ರಾತ್ರಿ ನನ್ನ ಚೀಲದಲ್ಲಿದ್ದದ್ದು ಹಳೆಯ ಫೋನಿನ 5 ವ್ಯಾಟಿನ ಪುಟಾಣಿ. ಅದರಿಂದ ಟ್ಯಾಬ್ ತುಂಬಬೇಕಾದರೆ, ಪರದೆ ಆರಿಸಿಟ್ಟರೂ ಆರೂವರೆ ಗಂಟೆ ಬೇಕು.

ಪರದೆ ಆರಿಸದಿದ್ದರೆ? ಒಮ್ಮೆ ತುಂಬಿದರೆ ಹತ್ತು ಗಂಟೆ ವಿಡಿಯೊ ನೋಡಬಹುದು ಎಂದು ಕಂಪನಿ ಹೇಳುತ್ತದೆ ಎನ್ನಿ. 28.6ನ್ನು ಹತ್ತರಿಂದ ಭಾಗಿಸಿದರೆ 2.9. ಅಂದರೆ ನಾವು ನೋಡುತ್ತಿರುವಷ್ಟು ಹೊತ್ತೂ ಬಿಂದಿಗೆಯ ತಳದಿಂದ 3 ವ್ಯಾಟಿನಷ್ಟು ಸೋರುತ್ತಲೇ ಇರುತ್ತದೆ. ಪರದೆಯ ಬೆಳಕು ಹೆಚ್ಚಿಸಿದರೆ, ಟವರ್ ಸಿಗದ ಕಡೆ ಇಂಟರ್ನೆಟ್ ಹುಡುಕಿಸಿದರೆ ಇನ್ನೂ ಹೆಚ್ಚು. 5 ವ್ಯಾಟಿನಲ್ಲಿ ದಾರಿಯ ನಷ್ಟ ಕಳೆದು ಒಳಗೆ ಸೇರುವುದು 4ಕ್ಕೆ ಚೂರು ಮೇಲೆ. ಅದರಲ್ಲಿ 3 ಸಿನಿಮಾಕ್ಕೆ ಹೋಯಿತು. ಉಳಿದದ್ದು ಒಂದೂ ಚಿಲ್ಲರೆ ವ್ಯಾಟ್. ಮುಕ್ಕಾಲು ಗಂಟೆಗೆ ಅದು ಮೂರು ಪರ್ಸೆಂಟಿಗೆ ಸರಿಹೋಗುತ್ತದೆ. ಆಮೇಲೆ ಹನ್ನೊಂದು ಹೊಡೆಯಿತು, ಕರೆಂಟು ನಿಂತಿತು, ನಾನು ನಿದ್ದೆಯಲ್ಲಿದ್ದೆ.

ಹನ್ನೊಂದರ ಕಟ್ಟಳೆಗೆ ಒಂದು ಹಿನ್ನೆಲೆಯಿದೆ. 2013ರ ಡಿಸೆಂಬರ್ 28ರ ನಸುಕಿನಲ್ಲಿ ಬೆಂಗಳೂರಿನಿಂದ ನಾಂದೇಡಿಗೆ ಹೊರಟಿದ್ದ ಎಕ್ಸ್‌ಪ್ರೆಸ್ಸಿನ ಎಸಿ ಬೋಗಿಯೊಂದು ಆಂಧ್ರದ ಕೊತ್ತಚೆರುವು ಬಳಿ ಹೊತ್ತಿ ಉರಿದು 26 ಮಂದಿ ಸತ್ತರು. ಅದರ ನಂತರ, ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ ಬೋಗಿಗಳ ಚಾರ್ಜಿಂಗ್ ಪಾಯಿಂಟುಗಳನ್ನು ಆರಿಸಿಡಬೇಕೆಂದು ರೈಲ್ವೆ ಸುರಕ್ಷತಾ ಆಯುಕ್ತರು 2014ರಲ್ಲಿ ಸಲಹೆ ಮಾಡಿದರು. 2021ರ ಮಾರ್ಚಿನಲ್ಲಿ ರೈಲುಗಳಲ್ಲಿ ಮತ್ತೆ ಬೆಂಕಿ ಕಾಣಿಸಿಕೊಂಡಾಗ ರೈಲ್ವೆ ಇದನ್ನು ಬಿಗಿಯಾಗಿ ಜಾರಿ ಮಾಡಹೊರಟಿತು. ಕೆಲವು ಗಾಡಿಗಳಲ್ಲಿ ಹನ್ನೊಂದಕ್ಕೆ ಸರಿಯಾಗಿ ನಿಲ್ಲುತ್ತದೆ, ಕೆಲವುಗಳಲ್ಲಿ ರಾತ್ರಿಯಿಡೀ ಇರುತ್ತದೆ. ನಿಲ್ಲುತ್ತದೆ ಎಂದೇ ನಂಬಿ ಹೊರಡುವುದು ಕ್ಷೇಮ. ಎಲ್ಲರೂ ಮಲಗಿರುವಾಗ ಕಂಬಳಿಯ ಕೆಳಗೆ ಬಿಸಿಯೇರುತ್ತಿರುವ ಚಾರ್ಜರನ್ನು ನೋಡುವವರು ಯಾರೂ ಇರುವುದಿಲ್ಲ ಎಂಬುದು ಇದರ ಹಿಂದಿನ ತರ್ಕ. ತಲೆದಿಂಬಿನ ಕೆಳಗೆ ಟ್ಯಾಬ್ ಇಟ್ಟು ಮಲಗಿದ್ದ ನನಗೆ ಆ ಕಟ್ಟಳೆಯ ಮೇಲೆ ಸಿಟ್ಟಾಗುವ ಹಕ್ಕಿರಲಿಲ್ಲ.

ರೈಲಿನ ಸಾಕೆಟ್ಟಿಗೆ ಕರೆಂಟು ಎಲ್ಲಿಂದ ಬರುತ್ತದೆ ಎನ್ನುವುದು ಅದಕ್ಕಿಂತ ಸ್ವಾರಸ್ಯದ ಸಂಗತಿ. ಮನೆಯಲ್ಲಿ ನಮಗೆ ಬರುವುದು 230 ವೋಲ್ಟ್ ಎಸಿ. ರೈಲಿನಲ್ಲಿ ಸಾಮಾನ್ಯವಾಗಿ 110. ಅದರಲ್ಲೂ ಎರಡು ಜಾತಿ.

ಚೆನ್ನೈನ ಪೆರಂಬೂರಿನ ಐಸಿಎಫ್ ಕಾರ್ಖಾನೆಯ ಹಳೆಯ ಮಾದರಿಯ ಬೋಗಿಗಳಿವೆಯಲ್ಲ, ನೀಲಿ ಬಣ್ಣದವು, ಅವು ತಮ್ಮ ಕರೆಂಟನ್ನು ತಾವೇ ಹುಟ್ಟಿಸಿಕೊಳ್ಳುತ್ತವೆ. ಬೋಗಿಯ ಅಡಿಯಲ್ಲಿ, ಗಾಲಿಯ ಅಚ್ಚಿಗೆ ಬೆಲ್ಟ್ ಕಟ್ಟಿ ತಿರುಗಿಸುವ ಆಲ್ಟರ್ನೇಟರ್ ಇರುತ್ತದೆ. ಸೈಕಲ್ಲಿನ ಡೈನಮೋದ ಅಣ್ಣ ಎನ್ನಬಹುದು. ಎಸಿ ಇಲ್ಲದ ಬೋಗಿಯಲ್ಲಿ ಅದು 4.5 ಕಿಲೋವ್ಯಾಟಿನದು. ಅದು ಬ್ಯಾಟರಿ ತುಂಬುತ್ತದೆ. ಬ್ಯಾಟರಿಯಿಂದ ದೀಪ, ಫ್ಯಾನು, ಚಾರ್ಜಿಂಗ್ ಪಾಯಿಂಟು ಎಲ್ಲಕ್ಕೂ 110 ವೋಲ್ಟ್ ಡಿಸಿ ಹೋಗುತ್ತದೆ. ಗಾಡಿ ಓಡುತ್ತಿರುವಾಗ ವೋಲ್ಟೇಜು ಸ್ವಲ್ಪ ಮೇಲೆ, ಕ್ರಾಸಿಂಗಿಗೆಂದು ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ಗಂಟೆಗಟ್ಟಲೆ ನಿಂತಾಗ ಬ್ಯಾಟರಿ ಸೊರಗಿದಂತೆಲ್ಲ ಕೆಳಗೆ. ಹಳೆಯ ಸ್ಲೀಪರ್ ಬೋಗಿಯಲ್ಲಿ ಗಾಡಿ ನಿಂತಾಗ ದೀಪ ಮಂಕಾಗುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಹೆಚ್ಚಾಗಿ ಕಾಣುವ ಎಲ್‌ಎಚ್‌ಬಿ ಬೋಗಿಗಳ ಕಥೆ ಬೇರೆ. ಗಾಡಿಯ ತುದಿಯಲ್ಲಿ ಗುಡುಗುಡು ಎನ್ನುವ ಜನರೇಟರ್ ಬೋಗಿಯಿಂದಲೋ, ಇಲ್ಲವೆ ಎಂಜಿನ್ನೇ ಮೇಲಿನ ತಂತಿಯಿಂದ ಎಳೆದುಕೊಂಡ ಕರೆಂಟಿನಿಂದಲೋ 750 ವೋಲ್ಟ್ ಇಡೀ ಗಾಡಿಯ ಉದ್ದಕ್ಕೂ ಹರಿಯುತ್ತದೆ. ಪ್ರತಿ ಬೋಗಿಯಲ್ಲೂ ಟ್ರಾನ್ಸ್‌ಫಾರ್ಮರ್ ಅದನ್ನು ಇಳಿಸಿ ಚಾರ್ಜಿಂಗ್ ಸಾಕೆಟ್ಟಿಗೆ 110 ವೋಲ್ಟ್ ಎಸಿ ಕೊಡುತ್ತದೆ. ಎಂಜಿನ್ನಿನಿಂದ ಬರುವ ಗಾಡಿಯಲ್ಲಿ ಎಂಜಿನ್ ಬದಲಾಯಿಸುವಷ್ಟು ಹೊತ್ತು ಚಾರ್ಜಿಂಗ್ ನಿಂತರೆ ಅಚ್ಚರಿಪಡಬೇಕಾದ್ದಿಲ್ಲ.

ಟ್ಯಾಬಿನ ಅಡಾಪ್ಟರ್ ಮೇಲೆ ಇನ್‌ಪುಟ್ 100ರಿಂದ 240 ವೋಲ್ಟ್ ಎಂದು ಬರೆದಿರುವುದರಿಂದ 110 ಎಸಿ ಅದಕ್ಕೆ ಲೆಕ್ಕಕ್ಕಿಲ್ಲ. ಹಾಗಾದರೆ 110 ಡಿಸಿ? ಈಗಿನ ಅಡಾಪ್ಟರುಗಳು ಮೊಟ್ಟಮೊದಲು ಮಾಡುವ ಕೆಲಸವೇ ಒಳಗೆ ಬಂದ ಎಸಿಯನ್ನು ಡಿಸಿ ಆಗಿಸುವುದು. ನಾಲ್ಕು ಡಯೋಡುಗಳ ಒಂದು ಬಾಗಿಲು ಅದು. ಮೊದಲೇ ಡಿಸಿಯಾಗಿ ಬಂದವನನ್ನೂ ತಡೆಯದೆ ಬಿಡುತ್ತದೆ. ಆದ್ದರಿಂದ ಹಳೆಯ ಬೋಗಿಯಲ್ಲೂ ಚಾರ್ಜ್ ಆಗುತ್ತದೆ. ಆದರೆ ಒಂದು ಸೂಕ್ಷ್ಮವಿದೆ. ಎಸಿಯಲ್ಲಿ 110 ಎನ್ನುವುದು ಒಂದು ಬಗೆಯ ಸರಾಸರಿ. ಅಲೆಯ ತುದಿ 155ಕ್ಕೆ ಮುಟ್ಟುತ್ತದೆ, ಅಡಾಪ್ಟರಿನ ಒಳಗೆ ಶೇಖರವಾಗುವುದು ಆ ತುದಿಯ ವೋಲ್ಟೇಜು. ಡಿಸಿಯಲ್ಲಿ 110 ಎಂದರೆ 110 ಅಷ್ಟೆ. 100 ವೋಲ್ಟ್ ಎಸಿಯಲ್ಲೂ ಒಳಗೆ 141 ಸಿಗಬೇಕೆಂದು ಲೆಕ್ಕ ಹಾಕಿ ಮಾಡಿದ ಅಡಾಪ್ಟರಿಗೆ ಇದು ಅರೆಹೊಟ್ಟೆಯ ಊಟ. ಕೆಲವು ಸುಮ್ಮನೆ ಒಪ್ಪಿಕೊಂಡು ದುಡಿಯುತ್ತವೆ. ಹೆಚ್ಚು ವ್ಯಾಟಿನ ಕೆಲವು, ಒಳಬರುವ ವೋಲ್ಟೇಜು ಸಾಲದು ಎಂದು ಶುರುವೇ ಆಗುವುದಿಲ್ಲ, ಅಥವಾ ಐದು ನಿಮಿಷಕ್ಕೊಮ್ಮೆ ನಿಂತು ಹೊರಡುತ್ತವೆ. 65 ವ್ಯಾಟಿನ ಲ್ಯಾಪ್‌ಟಾಪ್ ಚಾರ್ಜರ್ ಮುನಿಸಿಕೊಂಡ ಪಾಯಿಂಟಿನಲ್ಲೇ ಪಕ್ಕದವರ 10 ವ್ಯಾಟಿನದು ಸಲೀಸಾಗಿ ನಡೆದರೆ ಕಾರಣ ಇದು. ಹಳೆಯ ಬೋಗಿಗಳಲ್ಲಿ ಹೋಗಬೇಕಾದವರು ಒಂದು ಸಾಧಾರಣ 10, 12 ವ್ಯಾಟಿನ ಅಡಾಪ್ಟರನ್ನೂ ಚೀಲದಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಟ್ರಾನ್ಸ್‌ಫಾರ್ಮರ್ ಇರುವ ಹಳೆಗಾಲದ ಭಾರವಾದ ಅಡಾಪ್ಟರುಗಳನ್ನು ಡಿಸಿ ಪಾಯಿಂಟಿಗೆ ಹಾಕಬೇಡಿ, ಅವು ಬಿಸಿಯಾಗಿ ಸುಟ್ಟುಹೋಗುತ್ತವೆ. ಚಾರ್ಜಾಗುತ್ತಿರುವಾಗ ಪಿನ್ ಎಳೆದರೆ ಹಳೆಯ ಬೋಗಿಯಲ್ಲಿ ಚಟ್ ಎಂದು ಕಿಡಿ ಹಾರುವುದೂ ಡಿಸಿಯ ಗುಣವೇ. ಎಸಿ ಒಂದು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಹೋಗುವುದರಿಂದ ಕಿಡಿ ತಾನಾಗಿ ಆರುತ್ತದೆ. ಡಿಸಿಗೆ ಆ ಬಿಡುವಿಲ್ಲ. ಸ್ವಿಚ್ ಇದ್ದರೆ ಮೊದಲು ಅದನ್ನು ಆರಿಸಿ. ಇಲ್ಲದಿದ್ದರೆ ಟ್ಯಾಬಿನ ಕಡೆಯ ಕೇಬಲ್ ಕಳಚಿ ಆಮೇಲೆ ಗೋಡೆಯದನ್ನು ಕೀಳಿ.

ಸಾರ್ವಜನಿಕ ಸಾಕೆಟ್ಟಿನ ದೊಡ್ಡ ರೋಗ ಎಂದರೆ ಸಡಿಲು. ದಿನಕ್ಕೆ ಎಷ್ಟೋ ಕೈಗಳು ಹಾಕಿ ಕಿತ್ತು ಒಳಗಿನ ಹಿತ್ತಾಳೆಯ ಹಿಡಿತ ಹಿಗ್ಗಿರುತ್ತದೆ. ಜೊತೆಗೆ ನಮ್ಮ 6 ಆಂಪಿಯರಿನ ಮೂರು ಕಣ್ಣಿನ ಸಾಕೆಟ್ ಸುಮಾರು 5 ಮಿಲಿಮೀಟರ್ ದಪ್ಪದ ಪಿನ್ನಿಗೆ ಮಾಡಿದ್ದು. ಎಷ್ಟೋ ಚಾರ್ಜರುಗಳ ಎರಡು ಪಿನ್ನು 4 ಮಿಲಿಮೀಟರಿನದು. ಗಾಡಿಯ ಕುಲುಕಾಟಕ್ಕೆ ಭಾರದ ಅಡಾಪ್ಟರ್ ತಲೆ ಬಾಗಿಸುತ್ತದೆ, ಸಂಪರ್ಕ ಬಿಟ್ಟು ಬಿಟ್ಟು ಬರುತ್ತದೆ, ಟ್ಯಾಬ್ ಟಣ್ ಟಣ್ ಎಂದು ಕೂಗುತ್ತದೆ. ಜನ ಮಾಡುವ ಉಪಾಯ ಪಿನ್ನಿನ ಪಕ್ಕ ಮಡಿಚಿದ ಟಿಕೆಟ್ಟೋ ಬೆಂಕಿಕಡ್ಡಿಯೋ ತುರುಕುವುದು. ಅದು ಬೇಡ; ಸಡಿಲಿರುವ ಕಡೆಯೇ ಬಿಸಿ ಹುಟ್ಟುವುದು, ಕಾಗದ ಅಲ್ಲಿಗೆ ಉರುವಲು. ದಪ್ಪ ಪಿನ್ನಿನ ಒಂದು ಕನ್ವರ್ಟರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಅಡಾಪ್ಟರ್ ಹಗುರವಾಗಿದ್ದು ಕೇಬಲ್ ಉದ್ದವಾಗಿದ್ದರೆ ಅರ್ಧ ತೊಂದರೆ ತಪ್ಪುತ್ತದೆ. ಹತ್ತು ನಿಮಿಷ ಬಿಟ್ಟು ಪಿನ್ನಿನ ಬುಡ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಬೆರಳು ಇಡಲಾಗದಷ್ಟು ಸುಟ್ಟರೆ ಆ ಪಾಯಿಂಟಿಗೊಂದು ನಮಸ್ಕಾರ ಹೇಳಿ ಬೇರೆ ಹುಡುಕಿ.

ಉದ್ದ ಕೇಬಲ್ ಎಂದೆನಲ್ಲ, ಅದರಲ್ಲೂ ಒಂದು ಮೋಸವಿದೆ. ಫುಟ್‌ಪಾತಿನಲ್ಲಿ ಸಿಗುವ ಎರಡು ಮೀಟರಿನ ತೆಳು ಕೇಬಲ್ಲಿನ ಒಳಗಿನ ತಾಮ್ರ ಎಷ್ಟೋ ಸಲ 28 ಗೇಜಿನ ಕೂದಲೆಳೆ. ಹೋಗಿ ಬರುವ ದಾರಿ ಸೇರಿ ನಾಲ್ಕು ಮೀಟರಿಗೆ ಅದರ ಅಡ್ಡಿ 0.85 ಓಮ್ ಆಗುತ್ತದೆ. 2 ಆಂಪಿಯರ್ ಎಳೆಯಲು ಹೊರಟರೆ 1.7 ವೋಲ್ಟ್ ದಾರಿಯಲ್ಲೇ ಕರಗುತ್ತದೆ. 5 ವೋಲ್ಟಿನಲ್ಲಿ ಅಷ್ಟು ಹೋದ ಮೇಲೆ ಟ್ಯಾಬಿಗೆ ಏನು ಉಳಿಯಿತು? ಅದು ಸೋಲೊಪ್ಪಿಕೊಂಡು ಕಡಿಮೆ ಎಳೆಯುತ್ತದೆ. ಅದೇ ಉದ್ದದ 24 ಗೇಜಿನ ಕೇಬಲ್ಲಿನಲ್ಲಿ ನಷ್ಟ 0.7 ವೋಲ್ಟಿಗಿಂತ ಕಡಿಮೆ. ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ. ದಪ್ಪಗಿರುವುದು, ಸುಲಭವಾಗಿ ಮಡಚದ್ದು ಸಾಮಾನ್ಯವಾಗಿ ವಾಸಿ. ಟೈಪ್-ಸಿ ಇರುವ ಹೊಸ ಟ್ಯಾಬು ಮತ್ತು ಪಿಡಿ ಎಂದು ಬರೆದಿರುವ ಅಡಾಪ್ಟರ್ ಜೊತೆಗೂಡಿದರೆ ಈ ಕಾಟ ಕಡಿಮೆ. ಅವೆರಡೂ ಮೊದಲು ಮಾತಾಡಿಕೊಂಡು 5ರ ಬದಲು 9 ವೋಲ್ಟಿಗೆ ಏರುತ್ತವೆ, ಅಷ್ಟೇ ವ್ಯಾಟಿಗೆ ಕಡಿಮೆ ಆಂಪಿಯರ್ ಸಾಕಾಗುತ್ತದೆ.

ಬಸ್ಸಿಗೆ ಬರೋಣ. ಕೆಎಸ್‌ಆರ್‌ಟಿಸಿಯ ಸ್ಲೀಪರ್ ಗಾಡಿಗಳಲ್ಲಿ, 2023ರ ಅಕ್ಟೋಬರಿನಲ್ಲಿ ಬಂದ ಎಸಿ ಇಲ್ಲದ ಪಲ್ಲಕ್ಕಿಯೂ ಸೇರಿದಂತೆ, ಈಗ ಬರ್ತಿನ ಪಕ್ಕದಲ್ಲಿ ಚಾರ್ಜಿಂಗ್ ವ್ಯವಸ್ಥೆ ಇರುತ್ತದೆ. ದೊಡ್ಡ ಬಸ್ಸಿನ ಬ್ಯಾಟರಿ 24 ವೋಲ್ಟಿನದು. ಅದನ್ನು ಒಂದು ಪುಟ್ಟ ಡಬ್ಬಿ 5 ವೋಲ್ಟಿಗೆ ಇಳಿಸಿ ಯುಎಸ್‌ಬಿ ಕಿಂಡಿಗೆ ಕೊಡುತ್ತದೆ. ಬರೆದಿರುವುದು 2.4 ಆಂಪಿಯರ್ ಎಂದಿದ್ದರೂ ಎಷ್ಟೋ ಕಡೆ ಅದು ಎರಡು ಕಿಂಡಿಗೂ ಸೇರಿಸಿದ ಲೆಕ್ಕ. ಪಕ್ಕದವರು ಫೋನು ಹಾಕಿದ ಕೂಡಲೇ ನಿಮ್ಮ ಧಾರೆ ಅರ್ಧ. ಮಧ್ಯರಾತ್ರಿ ಊಟದ ಹೋಟೆಲ್ ಮುಂದೆ ಎಂಜಿನ್ ಆರಿಸಿದಾಗ ಕರೆಂಟೂ ನಿಲ್ಲುವ ಗಾಡಿಗಳುಂಟು. ಬಸ್ಸಿನ ಕಿಂಡಿಯನ್ನು ನಾನು ಫೋನಿಗೆ ಬಿಟ್ಟುಕೊಟ್ಟಿದ್ದೇನೆ. ಟ್ಯಾಬಿಗೆ ಅದು ಉಪ್ಪಿನಕಾಯಿ, ಊಟವಲ್ಲ.

ಬಾಡಿಗೆ ಕಾರಿನಲ್ಲಿ ಇನ್ನೊಂದು ಗೊಂದಲ. ಡ್ಯಾಶ್‌ಬೋರ್ಡಿನ ಯುಎಸ್‌ಬಿ ಕಿಂಡಿ ಬಹಳ ಕಾರುಗಳಲ್ಲಿ ಪೆನ್‌ಡ್ರೈವಿನ ಹಾಡಿಗೆಂದು ಇಟ್ಟದ್ದು. ಅದು ಕೊಡುವುದು ಅರ್ಧ ಆಂಪಿಯರ್, ಅಂದರೆ ಎರಡೂವರೆ ವ್ಯಾಟ್. ಮೇಲೆ ಹೇಳಿದ 3 ವ್ಯಾಟಿನ ಸೋರಿಕೆಗಿಂತಲೂ ಕಡಿಮೆ. ಮೈಸೂರಿಗೆ ಹೊರಟಾಗ 40 ಇದ್ದ ಟ್ಯಾಬು, ಮಗು ಕಾರ್ಟೂನ್ ನೋಡುತ್ತಾ ಮಂಡ್ಯ ಸೇರುವಾಗ, ಚಾರ್ಜಿಗೆ ಹಾಕಿಯೇ ಇದ್ದರೂ 38ಕ್ಕೆ ಇಳಿದಿರುತ್ತದೆ. ಐಪ್ಯಾಡು ಇಂಥ ಕಡೆ ಚಾರ್ಜ್ ಆಗುತ್ತಿಲ್ಲ ಎಂದೇ ಬರೆದು ತೋರಿಸುತ್ತದೆ. ಅದರ ಪಕ್ಕದಲ್ಲೇ ಸಿಗರೇಟ್ ಲೈಟರಿನ ದುಂಡು ತೂತು ಇರುತ್ತದಲ್ಲ, ಅಲ್ಲಿ 12 ವೋಲ್ಟ್ ಧಾರಾಳವಾಗಿ ಸಿಗುತ್ತದೆ. 20, 30 ವ್ಯಾಟಿನ ಒಂದು ಕಾರ್ ಚಾರ್ಜರ್ ಅದಕ್ಕೆ ಸಿಕ್ಕಿಸಿದರೆ ಎರಡೂವರೆ ಗಂಟೆಯ ದಾರಿಯಲ್ಲಿ ಟ್ಯಾಬ್ ತುಂಬಿರುತ್ತದೆ.

ವಿಮಾನದ ಸೀಟಿನ ಕೆಳಗಿನ ಸಾಕೆಟ್ 110 ವೋಲ್ಟ್ ಎಸಿಯದು, ಟ್ಯಾಬಿಗೆ ಬೇಕಾದ್ದಕ್ಕಿಂತ ಹೆಚ್ಚೇ ಕೊಡುತ್ತದೆ. ಇರುವುದು ಮಾತ್ರ ಹೆಚ್ಚಾಗಿ ದೂರಪ್ರಯಾಣದ ದೊಡ್ಡ ವಿಮಾನಗಳಲ್ಲಿ. ವಿಮಾನ ನಿಲ್ದಾಣದಲ್ಲಿ ಸಾಕೆಟ್ಟಿಗೆ ಬರವಿಲ್ಲ, ಕೂರುವ ಜಾಗಕ್ಕೆ ಬರ.

ನಿಲ್ದಾಣಗಳ ಚಾರ್ಜಿಂಗ್ ಕಂಬದಲ್ಲಿ ಯುಎಸ್‌ಬಿ ಕಿಂಡಿಯೂ ಮೂರು ಕಣ್ಣಿನ ಸಾಕೆಟ್ಟೂ ಅಕ್ಕಪಕ್ಕ ಇದ್ದರೆ ಯಾವುದನ್ನು ಆರಿಸಬೇಕು? ಯೋಚಿಸದೆ ಸಾಕೆಟ್ಟನ್ನೇ. ವ್ಯಾಟಿನ ಕಾರಣವೊಂದು, ಕಳ್ಳತನದ ಹೆದರಿಕೆ ಇನ್ನೊಂದು. ಸಾಮಾನ್ಯ ಯುಎಸ್‌ಬಿ ಕೇಬಲ್ಲಿನಲ್ಲಿ ಕರೆಂಟಿಗೆ ಎರಡು ತಂತಿ, ಮಾಹಿತಿಗೆ ಎರಡು ತಂತಿ. ಕಿಂಡಿಯ ಹಿಂದೆ ಬರೀ ಚಾರ್ಜರ್ ಇದೆಯೋ ಕಂಪ್ಯೂಟರ್ ಇದೆಯೋ ಹೊರಗಿನಿಂದ ಕಾಣುವುದಿಲ್ಲ. 2011ರಲ್ಲಿ ಲಾಸ್ ವೇಗಸ್‌ನ ಡೆಫ್‌ಕಾನ್ ಸಮ್ಮೇಳನದಲ್ಲಿ ಇಂಥದೊಂದು ಕಂಬ ಇಟ್ಟು, ಫೋನು ಸಿಕ್ಕಿಸಿದವರಿಗೆಲ್ಲ ಎಚ್ಚರಿಕೆಯ ಸಂದೇಶ ತೋರಿಸಿದ್ದರು. ಜ್ಯೂಸ್ ಜಾಕಿಂಗ್ ಎಂಬ ಹೆಸರು ಆಗ ಹುಟ್ಟಿದ್ದು. ನಮ್ಮ ರಿಸರ್ವ್ ಬ್ಯಾಂಕ್ 2022ರ ಮಾರ್ಚಿನಲ್ಲಿ ಹಣಕಾಸು ವಂಚನೆಗಳ ಬಗ್ಗೆ ಹೊರತಂದ ಕೈಪಿಡಿಯಲ್ಲೂ ಇದಕ್ಕೆ ಜಾಗ ಕೊಟ್ಟಿದೆ.

ನನ್ನ ಅಭಿಪ್ರಾಯ ಕೇಳಿದರೆ, ಈ ಭಯವನ್ನು ವಾಟ್ಸ್‌ಆ್ಯಪ್ ಸಂದೇಶಗಳು ಇದ್ದದ್ದಕ್ಕಿಂತ ದೊಡ್ಡದು ಮಾಡಿವೆ. ಈಗಿನ ಟ್ಯಾಬುಗಳು ಕೇಬಲ್ಲಿನ ಆಚೆ ಮಾಹಿತಿ ಕೇಳುವವರು ಇದ್ದರೆ, ಇವರನ್ನು ನಂಬಬಹುದೇ ಎಂದು ನಿಮ್ಮನ್ನೇ ಕೇಳುತ್ತವೆ. ಬೇಡ ಎಂದು ಒತ್ತಿ. ಚಾರ್ಜಿಗೆ ಹಾಕಿರುವಾಗ ಲಾಕ್ ತೆರೆಯಬೇಡಿ. ಬರೀ ಯುಎಸ್‌ಬಿ ಕಿಂಡಿಯೇ ಗತಿ ಎಂದಾದರೆ ಮಾಹಿತಿಯ ತಂತಿ ಮುಂದುವರಿಯದ ಒಂದು ಪುಟ್ಟ ತುಂಡು ಸಿಗುತ್ತದೆ, ಡೇಟಾ ಬ್ಲಾಕರ್ ಎನ್ನುತ್ತಾರೆ. ಆದರೆ ಎಷ್ಟು ಆಂಪಿಯರ್ ಎಳೆಯಬಹುದು ಎಂದು ಹಳೆಯ ಮಾದರಿಯ ಟ್ಯಾಬುಗಳು ತಿಳಿದುಕೊಳ್ಳುವುದೂ ಅದೇ ತಂತಿಗಳಿಂದ. ಕಳಪೆ ಬ್ಲಾಕರ್ ಹಾಕಿದರೆ ಧಾರೆ ಅರ್ಧ ಆಂಪಿಯರಿಗೆ ಇಳಿಯಬಹುದು. ಗೋಡೆಯ ಸಾಕೆಟ್ಟಿಗೆ ನಿಮ್ಮದೇ ಅಡಾಪ್ಟರ್ ಹಾಕಿದರೆ ಇದ್ಯಾವ ರಗಳೆಯೂ ಇಲ್ಲ. ಆ ದಾರಿಯಲ್ಲಿ ಬರುವುದು ಕರೆಂಟು ಮಾತ್ರ. ಬಸ್ ಸ್ಟ್ಯಾಂಡಿನಲ್ಲಿ ನಿಜವಾಗಿ ಕಳೆದುಹೋಗುವುದು ಟ್ಯಾಬಿನೊಳಗಿನ ಮಾಹಿತಿಯಲ್ಲ, ಟ್ಯಾಬೇ.

ಅದಕ್ಕೆ ಮದ್ದು ಪವರ್ ಬ್ಯಾಂಕ್. ಜನ ಅದನ್ನು ಸಾಕೆಟ್ ಸಿಗದಿದ್ದಾಗಿನ ಬದಲಿ ಎಂದುಕೊಂಡಿದ್ದಾರೆ. ನಾನು ಅದನ್ನು ಸಾಕೆಟ್ ಇರುವಾಗಲೇ ಬಳಸುತ್ತೇನೆ. ಬೀದಿ ನಲ್ಲಿಗೆ ಹೋಗಿ ಯಾರೂ ಬಾಯಿ ಕೊಟ್ಟು ನಿಲ್ಲುವುದಿಲ್ಲ, ಕೊಡ ಹಚ್ಚುತ್ತಾರೆ. ಬಾಗಿಲ ಬಳಿಯ ಪಾಯಿಂಟಿಗೆ ಪವರ್ ಬ್ಯಾಂಕ್ ಹಚ್ಚಿ, ಟ್ಯಾಬನ್ನು ನಮ್ಮ ಸೀಟಿನಲ್ಲೇ ಇಟ್ಟುಕೊಂಡರೆ ಹೋದರೂ ಸಾವಿರ ಚಿಲ್ಲರೆ ರೂಪಾಯಿಯದು ಹೋಗುತ್ತದೆ. ಪಾಯಿಂಟಿನ ಕರೆಂಟು ಏರಿ ಇಳಿದರೆ ಅದರ ಪೆಟ್ಟೂ ಅದಕ್ಕೇ. ರಾತ್ರಿ ಹನ್ನೊಂದರ ಮೇಲೂ ನಮ್ಮ ಕೊಡದ ನೀರು ನಮಗೆ.

ಕೊಳ್ಳುವಾಗ ಅಂಕಿಗೆ ಮರುಳಾಗಬೇಡಿ. 20,000 ಎಂಎಎಚ್ ಎಂದರೆ 7,000ದ ಟ್ಯಾಬನ್ನು ಮೂರು ಸಲ ತುಂಬಬಹುದು ಎನ್ನುವ ಲೆಕ್ಕ ತಪ್ಪು. ಆ 20,000 ಒಳಗಿನ 3.7 ವೋಲ್ಟಿನ ಸೆಲ್ಲುಗಳ ಲೆಕ್ಕ, ಗುಣಿಸಿದರೆ 74 ವ್ಯಾಟ್-ಅವರ್. ವೋಲ್ಟ್ ಏರಿಸುವ ನಷ್ಟ ಕಳೆದು ಹೊರಬರುವುದು 60ರ ಸುಮಾರು, ಅಂದರೆ ಎರಡು ಟ್ಯಾಬಿಗೆ ಸ್ವಲ್ಪ ಕಡಿಮೆ. ವಿಮಾನದಲ್ಲಿ ಅನುಮತಿ ಕೇಳದೆ ಒಯ್ಯಬಹುದಾದ ಮಿತಿ 100 ವ್ಯಾಟ್-ಅವರ್. ಕೈಚೀಲದಲ್ಲಿ ಮಾತ್ರ, ಲಗೇಜಿಗೆ ಹಾಕುವಂತಿಲ್ಲ. ಹಾರುವಾಗ ಅದನ್ನು ಬಳಸಲು ಈಚೆಗೆ ಹಲವು ವಿಮಾನ ಸಂಸ್ಥೆಗಳು ಬಿಡುವುದಿಲ್ಲ. ಅಡಾಪ್ಟರಾಗಲಿ ಪವರ್ ಬ್ಯಾಂಕಾಗಲಿ ಮೇಲೆ ಬಿಐಎಸ್ ಗುರುತು, ಅದರ ಜೊತೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ತಯಾರಕರು ಯಾರೆಂದು ತೋರಿಸುತ್ತದೆ. ಡಬ್ಬಿಯ ಮೇಲಿನ ಹೆಸರಿಗೂ ಅದಕ್ಕೂ ತಾಳೆಯಾಗದಿದ್ದರೆ ವಾಪಸ್ ಕೊಟ್ಟುಬಿಡಿ.

ಚಾರ್ಜಾಗುತ್ತಿರುವ ಲೋಹದ ಬೆನ್ನಿನ ಟ್ಯಾಬಿನ ಮೇಲೆ ಬೆರಳಾಡಿಸಿದರೆ ಇರುವೆ ಹರಿದಂತೆ ಜುಮ್ ಎನ್ನುವುದುಂಟು. ಎರಡು ಪಿನ್ನಿನ ಅಡಾಪ್ಟರಿಗೆ ಅರ್ತ್ ಇರುವುದಿಲ್ಲ. ಒಳಗೆ ಗದ್ದಲ ಅಡಗಿಸಲು ಇಟ್ಟಿರುವ ಪುಟ್ಟ ಕೆಪಾಸಿಟರಿನ ಮೂಲಕ ಅತ್ಯಲ್ಪ ಕರೆಂಟು ಈ ಕಡೆಗೆ ಇಣುಕುತ್ತದೆ. ಒಳ್ಳೆಯ ಅಡಾಪ್ಟರಿನಲ್ಲಿ ಅದು ಅಪಾಯವಿಲ್ಲದ ಮಟ್ಟದ್ದು. ಕಚ್ಚಿದಂತೆ ಆದರೆ, ಅದೂ ಹೆಸರಿಲ್ಲದ ಅಡಾಪ್ಟರಿನಲ್ಲಿ ಆದರೆ, ತಕ್ಷಣ ಕಿತ್ತುಬಿಡಿ.

ಬಿಸಿಲು ಇನ್ನೊಂದು ಶತ್ರು. ಐಪ್ಯಾಡನ್ನು 35 ಡಿಗ್ರಿಯೊಳಗಿನ ಜಾಗದಲ್ಲಿ ಬಳಸಿ ಎಂದು ಆಪಲ್ ಹೇಳುತ್ತದೆ. ಏಪ್ರಿಲ್‌ನ ಕಲಬುರಗಿಯಲ್ಲಿ ಫ್ಯಾನಿಲ್ಲದ ಮೇಲಿನ ಬರ್ತು 35ಕ್ಕೆ ನಿಲ್ಲುತ್ತದೆಯೇ? ಬ್ಯಾಟರಿ ಬಿಸಿಯಾದರೆ ಟ್ಯಾಬ್ ತಾನಾಗಿಯೇ ಚಾರ್ಜಿಂಗನ್ನು ನಿಧಾನ ಮಾಡುತ್ತದೆ, ಕೆಲವೊಮ್ಮೆ ನಿಲ್ಲಿಸಿಯೇಬಿಡುತ್ತದೆ. ದಪ್ಪ ಕವರ್ ತೆಗೆದು, ಕಿಟಕಿಯ ಬಿಸಿಲಿನಿಂದ ಸರಿಸಿ ಇಡಿ. ಎಂಬತ್ತು ಪರ್ಸೆಂಟಿನ ಮೇಲೆ ಹೇಗೂ ಧಾರೆ ಸಣ್ಣಗಾಗುತ್ತದೆ, ಅದು ಲಿಥಿಯಂ ಬ್ಯಾಟರಿಯ ಸ್ವಭಾವ. ಕೊನೆಯ ಇಪ್ಪತ್ತಕ್ಕಾಗಿ ಪಾಯಿಂಟ್ ಹಿಡಿದು ಕೂರುವುದರಲ್ಲಿ ಅರ್ಥವಿಲ್ಲ. ಆ ಹೊತ್ತಿನಲ್ಲಿ ಎರಡು ಪರ್ಸೆಂಟಿನ ಫೋನು ಹಿಡಿದು ಪಕ್ಕದಲ್ಲಿ ನಿಂತಿರುವ ಹುಡುಗಿ "ಅಣ್ಣಾರ, ಸ್ವಲ್ಪ ತಗೀತೀರೇನ್ರಿ, ಮನಿಗೆ ಒಂದು ಫೋನ್ ಮಾಡಬೇಕ್ರಿ" ಎಂದರೆ ಬಿಟ್ಟುಕೊಡುವುದು ಎಲ್ಲ ಲೆಕ್ಕದಲ್ಲೂ ಸರಿ.

ಹೊರದೇಶಕ್ಕೆ ಹೋಗುವವರು ವೋಲ್ಟೇಜಿನ ಚಿಂತೆ ಬಿಡಬಹುದು. ಜಪಾನಿನ 100 ವೋಲ್ಟಾಗಲಿ ಅಮೆರಿಕದ 120 ಆಗಲಿ ಅದೇ ಅಡಾಪ್ಟರ್ ನಡೆಯುತ್ತದೆ. ಬೇಕಾದ್ದು ಪಿನ್ನಿನ ಆಕಾರ ಬದಲಿಸುವ ತುಂಡು ಮಾತ್ರ. ಬ್ರಿಟನ್ನಿನಲ್ಲಿ ಮಾತ್ರ ಸ್ವಲ್ಪ ನೋಡಿಕೊಂಡು ಸಿಕ್ಕಿಸಿ. ಕೇಳದೆ ಕರೆಂಟು ಬಳಸುವುದು ಅಲ್ಲಿ 1968ರ ಕಳ್ಳತನ ಕಾಯ್ದೆಯ 13ನೇ ಸೆಕ್ಷನ್ನಿನ ಪ್ರಕಾರ ಅಪರಾಧ. 2015ರಲ್ಲಿ ಲಂಡನ್ನಿನ ಓವರ್‌ಗ್ರೌಂಡ್ ರೈಲಿನ ಸಾಕೆಟ್ಟಿಗೆ ಫೋನು ಹಾಕಿದ ಪ್ರಯಾಣಿಕನೊಬ್ಬನನ್ನು ಇದೇ ಹೆಸರಿನಲ್ಲಿ ಪೊಲೀಸರು ಬಂಧಿಸಿದ್ದರು, ಆಮೇಲೆ ಬಿಟ್ಟರು. ಆ ಸಾಕೆಟ್ ಕಸ ಗುಡಿಸುವವರ ಯಂತ್ರಕ್ಕಾಗಿ ಇದ್ದದ್ದು.

ಅವನು ಕದ್ದದ್ದರ ಬೆಲೆ ಎಷ್ಟಿದ್ದೀತು? ಫೋನು ಬಿಡಿ, ಟ್ಯಾಬನ್ನೇ ಖಾಲಿಯಿಂದ ಪೂರ್ತಿ ತುಂಬಿದರೂ 33 ವ್ಯಾಟ್-ಅವರ್. ಸಾವಿರ ವ್ಯಾಟ್-ಅವರ್‌ಗೆ ಒಂದು ಯೂನಿಟ್, ಯೂನಿಟ್ಟಿಗೆ ಏಳು ರೂಪಾಯಿ ಎಂದಿಟ್ಟುಕೊಂಡರೆ ಇಪ್ಪತ್ತಮೂರು ಪೈಸೆ, ಅಂದರೆ ಹಳೆಯ ನಾಲ್ಕಾಣೆಯೂ ಆಗುವುದಿಲ್ಲ. ಹಿರಿಯೂರಿನ ಹತ್ತಿರ ಹೆದ್ದಾರಿಯ ಒಂದು ದರ್ಶಿನಿಯಲ್ಲಿ ಈ ಲೆಕ್ಕವನ್ನು ಮನಸ್ಸಿನಲ್ಲೇ ಹಾಕಿಕೊಂಡು, ಕ್ಯಾಷ್ ಕೌಂಟರಿನ ಹಿಂದಿದ್ದ ಪಾಯಿಂಟ್ ತೋರಿಸಿ, ಟ್ಯಾಬ್ ಹಾಕಿಕೊಳ್ಳಲೇ ಎಂದು ಕೇಳಿದೆ. "ಹಾಕ್ಕಳಿ ಸಾರ್, ಅದಕ್ಕೇನು" ಎಂದರು ಗಲ್ಲಾದ ಮೇಲಿದ್ದವರು. ಎರಡನೆಯ ಕಾಫಿಗೆ ಕೈ ಹಾಕುವಷ್ಟರಲ್ಲಿ ಒಳಗಿನಿಂದ ಕೂಗಿದರು: "ಸಾರ್, ಒಂದೈದ್ ನಿಮಿಷ ತೆಗೀತೀನಿ, ಚಟ್ನಿ ರುಬ್ಬಬೇಕು!"